ಗುಡ್ಡದ ಬುಡದ ಮನೆಗಳಿಗೆ ಬಣ್ಣದ ಎಚ್ಚರಿಕೆ ಫಲಕ ಹಾಕಿಸಿಕೊಡಲು ಮನವಿ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಗ್ರಾಮ ಪಂಚಾಯಿತಿ, ತೀರ್ಥಹಳ್ಳಿ ತಾಲ್ಲೂಕು

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮ ಕೇರಿಯ ಹಿಂದಿನ ಧರೆ ಜರಿದು ಒಂದು ಮನೆಯ ಕೊಟ್ಟಿಗೆ ಮುಚ್ಚಿಹೋಯಿತು. ದನಗಳನ್ನು ಹೇಗೋ ಬಿಡಿಸಿಕೊಂಡೆವು. ಹಿಂದಿನ ದಿನವೇ ಆ ಮನೆಯ ಅಡುಗೆಮನೆಯಲ್ಲಿ ಜಲ ಒಡೆದು, ನೀರು ಕೆಂಪಗೆ ಬರುತ್ತಿತ್ತು. ಅಜ್ಜಿ ನೋಡಿದ್ದರು. ಯಾರಿಗೆ ಹೇಳಬೇಕು, ಹೇಳಿದರೆ ಮುಂದೇನು, ಗೊತ್ತಿರಲಿಲ್ಲ.

ನಮ್ಮೂರಿನ ಹುಡುಗನೊಬ್ಬ ಸರಕು ಹಡಗಿನಲ್ಲಿದ್ದಾನೆ. ದೀಪಾವಳಿಗೆ ಬಂದಾಗ ಗ್ರೆನಡಾ ದ್ವೀಪದ ಸಂಗತಿ ಹೇಳಿದ. ಕೆರಿಬಿಯನ್ ಸಮುದ್ರದ ಆ ದ್ವೀಪದಿಂದ ಉತ್ತರಕ್ಕೆ ಬರೀ 8 ಕಿ.ಮೀ. ದೂರದಲ್ಲಿ, ನೀರಿನಡಿ ಜ್ವಾಲಾಮುಖಿ ಇದೆ. ಹೆಸರು ಕಿಕ್ ಎಮ್ ಜೆನ್ನಿ. ತುದಿಯೇ ನೀರಿನಿಂದ ಸುಮಾರು 180 ಮೀಟರ್ ಕೆಳಗೆ. ಮೇಲಿಂದ ಏನೂ ಕಾಣುವುದಿಲ್ಲ. 1939ರ ಜುಲೈನಲ್ಲಿ ಸಿಡಿದು, ಕಪ್ಪು ಮೋಡ 275 ಮೀಟರ್ ಎದ್ದಾಗಲೇ ಅದು ಅಲ್ಲಿರುವುದು ಗೊತ್ತಾಗಿದ್ದು. ಆಮೇಲೂ ಎಷ್ಟೋ ಸಲ ಸಿಡಿದಿದೆ, 2017ರಲ್ಲೂ.

ಆದರೂ ಅಲ್ಲಿಯವರು ಊರು ಬಿಟ್ಟಿಲ್ಲ. ಅಪಾಯ ಎಷ್ಟಿದೆ ಅಂತ ಹೇಳುವ ನಾಲ್ಕು ಬಣ್ಣ ಅವರಿಗೆ ಗೊತ್ತು: ಹಸಿರು, ಹಳದಿ, ಕಿತ್ತಳೆ, ಕೆಂಪು. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಭೂಕಂಪ ಸಂಶೋಧನಾ ಕೇಂದ್ರದವರು ಜ್ವಾಲಾಮುಖಿಯ ನಡುಕವನ್ನು ಉಪಕರಣಗಳಲ್ಲಿ ನೋಡುತ್ತಲೇ ಇರುತ್ತಾರೆ. ಮಾಮೂಲಿ ದಿನದಲ್ಲೂ 1.5 ಕಿ.ಮೀ. ಒಳಗೆ ದೋಣಿ ಹೋಗುವಂತಿಲ್ಲ. ಬಣ್ಣ ಕಿತ್ತಳೆಗೆ ಏರಿದರೆ 5 ಕಿ.ಮೀ. ಯಾಕೆಂದರೆ ಅಡಿಯಿಂದ ಅನಿಲದ ಗುಳ್ಳೆ ಏಳುತ್ತದೆ. ಗುಳ್ಳೆ ತುಂಬಿದ ನೀರು ಹಡಗನ್ನು ಹೊರಲಾರದು. ಹುಡುಗ ಜಗಲಿ ಮೇಲೆ ಒಂದು ಅಡಿಕೆ ಇಟ್ಟು, ಬೆರಳಲ್ಲಿ ಸುಣ್ಣ ತೆಗೆದು ಸುತ್ತ ಗೆರೆ ಎಳೆದು ತೋರಿಸಿದ. ಆ ಗೆರೆ ನೋಡಿ ನಮಗೆಲ್ಲ ನೆನಪಾಗಿದ್ದು ನಮ್ಮ ಧರೆ.

ಕಾಣದ ಬೆಟ್ಟಕ್ಕೇ ಅಷ್ಟು ವ್ಯವಸ್ಥೆ ಇದೆ. ನಮ್ಮ ಗುಡ್ಡ ಕಣ್ಣೆದುರೇ ಇದೆ, ಅಲ್ವಾ?

ನಾವು ಕೇಳುವುದು ಜಾಸ್ತಿ ಏನಲ್ಲ. ಶಾಲೆ ಅಂಗಳದಲ್ಲಿ ಒಂದು ಮಳೆಮಾಪಕ ಇಡಿಸಿ. ಭೂವಿಜ್ಞಾನ ತಿಳಿದವರನ್ನು ಕರೆಸಿ ಧರೆ ತೋರಿಸಿ, ಎಷ್ಟು ಮಳೆಗೆ ಯಾವ ಬಣ್ಣ ಅಂತ ಅವರಿಂದಲೇ ತೀರ್ಮಾನ ಮಾಡಿಸಿ. ಬಸ್ ಸ್ಟ್ಯಾಂಡಿನಲ್ಲಿ ಫಲಕ ಹಾಕಿಸಿ, ಬಣ್ಣ ಬದಲಿಸುವ ಕೆಲಸ ಒಬ್ಬರಿಗೆ ವಹಿಸಿ. ನೆಲ ಬಿರುಕು ಬಿಟ್ಟರೆ, ಮರ ವಾಲಿದರೆ, ಜಲ ಕೆಂಪಾದರೆ ರಾತ್ರಿಯಾದರೂ ಫೋನ್ ಎತ್ತುವವರ ನಂಬರ್ ಅದರ ಮೇಲೇ ಬರೆಸಿ. ಅವತ್ತು ಮಕ್ಕಳನ್ನು ಎತ್ತಿಕೊಂಡು ಶಾಲೆಗೆ ಓಡಿದವರು ಬೀಗ ನೋಡಿ ಮಳೆಯಲ್ಲೇ ನಿಂತಿದ್ದರು. ಒಂದು ಬೀಗದ ಕೈ ನಮ್ಮ ಕೇರಿಯಲ್ಲೇ ಇರಲಿ.

ಫಲಕಕ್ಕೆ ಬಣ್ಣ ಬಳಿಯಲು ನಮ್ಮ ಹುಡುಗರು ಸಿದ್ಧ. ಮೃಗಶಿರ ಮಳೆ ಹಿಡಿಯುವುದರೊಳಗೆ ಈ ಕೆಲಸ ಮಾಡಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಗುಡ್ಡದ ಬುಡದ ಕೇರಿಯ ನಿವಾಸಿಗಳು