ಮಿಷನ್‌ಗೆ ಹೊರಟ ದಂಪತಿ: ಹೆಂಡತಿಯ ಹೆಸರೂ ಕಾಗದದಲ್ಲಿರಲಿ

ಮಾನ್ಯ ಸಂಪಾದಕರೇ,

ಕೊಡಗಿನ ಕ್ರೈಸ್ತ ಸಭೆಗಳಿಂದ ಸೇವೆಗೆಂದು ಹೊರದೇಶಕ್ಕೆ ಹೊರಡುವ ದಂಪತಿಗೆ ಬೀಳ್ಕೊಡುಗೆ ಕೂಟದಲ್ಲಿ ಹಾರ, ಶಾಲು, ಪ್ರಾರ್ಥನೆ, ಕೊನೆಗೆ ಊಟ ಎಲ್ಲವೂ ಇರುತ್ತದೆ. ಮೈಕಿನಲ್ಲಿ ಕೇಳುವ ಹೆಸರು ಮಾತ್ರ ಗಂಡನದು. ಹೆಂಡತಿ ‘ಜೊತೆಗೆ ಹೋಗುವವರು’. ವೀಸಾ ಅರ್ಜಿ, ಬ್ಯಾಂಕ್ ಖಾತೆ, ಭಾಷೆ ಕಲಿಕೆ ಎಲ್ಲದರಲ್ಲೂ ಇದೇ ಕತೆ. ಹೋದವರು ವರ್ಷ ತುಂಬುವ ಮೊದಲೇ ಪೆಟ್ಟಿಗೆ ಕಟ್ಟುವಂತಾದರೆ ಕಾರಣ ಬಹುಮಟ್ಟಿಗೆ ಇಲ್ಲೇ ಇರುತ್ತದೆ ಎಂಬುದು ಇಂಥವರನ್ನು ತಯಾರು ಮಾಡುವ ನಮ್ಮ ಅಭಿಪ್ರಾಯ.

ಇದು ಕೊಡಗಿಗೆ ಹೊಸ ಪಾಠವೇನಲ್ಲ. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ 1850ರ ದಶಕದಲ್ಲಿ ಕೊಡಗಿನಲ್ಲಿ ಬಾಸೆಲ್ ಮಿಷನ್ ಕೆಲಸ ಶುರುಮಾಡಿದರು. 1860ರಲ್ಲಿ ಅವರು ಜರ್ಮನಿಗೆ ಮರಳಿದ್ದು ಹೆಂಡತಿಯ ಅನಾರೋಗ್ಯದಿಂದ. ಕನ್ನಡವನ್ನು ಅಷ್ಟು ಬಲ್ಲವರಿಗೂ ಮನೆಯೊಳಗಿನ ಆರೋಗ್ಯವೇ ಕೆಲಸದ ಅವಧಿಯನ್ನು ನಿಗದಿ ಮಾಡಿತು.

ಮೊದಲು ಕಾಗದ. ಕೀನ್ಯಾದಲ್ಲಿ ಧಾರ್ಮಿಕ ಮತ್ತು ದಾನಧರ್ಮದ ಕೆಲಸಕ್ಕೆ ‘ಕ್ಲಾಸ್ ಐ’ ಪರವಾನಗಿ ಬೇಕು. ಅದನ್ನು ಗಂಡನಿಗಷ್ಟೇ ಮಾಡಿಸಿ ಹೆಂಡತಿಯನ್ನು ಅವಲಂಬಿತರ ಪಾಸಿನಲ್ಲಿ ಕಳುಹಿಸಿದರೆ ಆಕೆ ಅಲ್ಲಿ ಕೆಲಸ ಮಾಡುವಂತಿಲ್ಲ. ‘ಸಂಬಳ ತೆಗೆದುಕೊಳ್ಳುತ್ತಿಲ್ಲವಲ್ಲ’ ಎಂಬ ಸಮಜಾಯಿಷಿ ವಲಸೆ ಅಧಿಕಾರಿಯ ಮುಂದೆ ನಿಲ್ಲುವುದಿಲ್ಲ. ನರ್ಸಿಂಗ್ ಓದಿದ ಹೆಣ್ಣುಮಗಳು ಕ್ಲಿನಿಕ್ಕಿನ ಎದುರು ಮನೆಯಲ್ಲೇ ಕೈಕಟ್ಟಿ ಕೂರಬೇಕಾಗುತ್ತದೆ. ಆದ್ದರಿಂದ ಆಕೆಗೂ ಕೆಲಸವಿದ್ದರೆ ಪ್ರತ್ಯೇಕ ಅರ್ಜಿ ಹಾಕಿ. ನರ್ಸ್, ಶಿಕ್ಷಕಿಯರು ಆಯಾ ವೃತ್ತಿ ಮಂಡಳಿಯ ನೋಂದಣಿಯನ್ನೂ ಇಲ್ಲಿಂದಲೇ ಆರಂಭಿಸಬೇಕು. ಪ್ರವಾಸಿಯ ಹೆಸರಿನಲ್ಲಿ ಹೋಗಿ ‘ಆಮೇಲೆ ನೋಡೋಣ’ ಎನ್ನುವವರಿಗೆ ಗಡೀಪಾರೇ ಗತಿ.

ನೇಪಾಳಕ್ಕೆ ವೀಸಾ ಬೇಡವಾದ್ದರಿಂದ ಸುಲಭ ಎಂದುಕೊಳ್ಳುವವರೂ ಇದ್ದಾರೆ. ಅಲ್ಲಿ 2015ರ ಸಂವಿಧಾನವೇ ಮತಾಂತರ ಮಾಡಿಸುವುದನ್ನು ನಿಷೇಧಿಸುತ್ತದೆ. 2018ರ ಆಗಸ್ಟಿನಿಂದ ಜಾರಿಯಲ್ಲಿರುವ ದಂಡಸಂಹಿತೆಯ ಪ್ರಕಾರ ಐದು ವರ್ಷದವರೆಗೆ ಜೈಲು, ದಂಡ, ವಿದೇಶಿಯಾದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ಆಸ್ಪತ್ರೆ, ಶಾಲೆಯ ಕೆಲಸಕ್ಕೆ ಹೋಗುವವರು ಇದನ್ನು ತಿಳಿದೇ ಹೆಜ್ಜೆ ಇಡಲಿ.

ಮದುವೆ ದಾಖಲೆಯಲ್ಲಿ ಎಡವುವವರು ಬಹಳ. ಚರ್ಚಿನ ರಿಜಿಸ್ಟರಿನ ನಕಲೊಂದನ್ನೇ ನೆಚ್ಚಿಕೊಳ್ಳಬೇಡಿ. ಉಪನೋಂದಣಾಧಿಕಾರಿ ಕಚೇರಿಯಲ್ಲೂ ಮದುವೆ ನೋಂದಾಯಿಸಿ. ಆ ಪ್ರಮಾಣಪತ್ರಕ್ಕೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ಹೇಗ್ ಒಪ್ಪಂದದ ದೇಶಗಳು ಒಪ್ಪುವ ದೃಢೀಕರಣ ಮುದ್ರೆ. ಭಾರತ ಈ ಹೇಗ್ ಒಪ್ಪಂದದಲ್ಲಿ 2005ರಿಂದ ಇದೆ. ಒಪ್ಪಂದಕ್ಕೆ ಸೇರದ ದೇಶವಾದರೆ ಅಪೋಸ್ಟಿಲ್ ಬದಲು ಸಚಿವಾಲಯದ ಸಾಮಾನ್ಯ ದೃಢೀಕರಣ, ಅದರ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ ಬೇಕು. ಇಷ್ಟೆಲ್ಲ ಮಾಡಿಯೂ ಅರ್ಜಿ ವಾಪಸ್ ಬರುವುದು ಹೆಸರಿನಿಂದ: ಎಸ್ಸೆಸ್ಸೆಲ್ಸಿಯಲ್ಲಿ ಅಪ್ಪನ ಇನಿಷಿಯಲ್, ದೀಕ್ಷಾಸ್ನಾನದ ಪತ್ರದಲ್ಲಿ ಇನ್ನೊಂದು ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು. ಗಂಡನ ಹೆಸರು ಹುಟ್ಟಿನಿಂದ ಸಾಯುವತನಕ ಒಂದೇ, ಬದಲಾಗುವುದೆಲ್ಲ ಹೆಂಡತಿಯದು. ಟಿಕೆಟ್ ಮಾತು ಎತ್ತುವ ಆರು ತಿಂಗಳ ಮೊದಲೇ ಎಲ್ಲವನ್ನೂ ಪಾಸ್‌ಪೋರ್ಟಿಗೆ ಹೊಂದಿಸಿ.

ಆರೋಗ್ಯದ ವಿಷಯದಲ್ಲಿ ಮಡಿಕೇರಿಯವರಿಗೆ ಒಂದು ಭ್ರಮೆ ಇದೆ. ಉಗಾಂಡದ ಕಂಪಾಲಾ ಹೆಚ್ಚುಕಡಿಮೆ ಮಡಿಕೇರಿಯಷ್ಟೇ ಎತ್ತರ, ಸುಮಾರು 1,200 ಮೀಟರ್. ಗುಡ್ಡ, ಹಸಿರು, ಮಳೆ, ರೊಬಸ್ಟಾ ಕಾಫಿ (ರೊಬಸ್ಟಾಕ್ಕೆ ಅದು ತವರೂ ಹೌದು). ‘ನಮ್ಮೂರ ಹಾಗೇ ಇದೆ’ ಎಂದು ಸೊಳ್ಳೆಪರದೆ ಮಡಚಿಟ್ಟವರಿಗೆ ಮಲೇರಿಯಾ ತಪ್ಪಿದ್ದಲ್ಲ. ಕಂಪಾಲಾ ಸಮಭಾಜಕ ವೃತ್ತದ ಹತ್ತಿರ ಇರುವುದರಿಂದ ಆ ಎತ್ತರದಲ್ಲೂ ಸೊಳ್ಳೆಯೊಳಗೆ ರೋಗಾಣು ಬೆಳೆಯುವಷ್ಟು ಬಿಸಿ ವರ್ಷವಿಡೀ ಇರುತ್ತದೆ. ಹಳೆಯ ಕ್ಲೋರೋಕ್ವಿನ್ ಅಲ್ಲಿ ನಾಟುವುದಿಲ್ಲ. ವೈದ್ಯರು ಡಾಕ್ಸಿಸೈಕ್ಲಿನ್ ಬರೆದರೆ ದಿನಕ್ಕೆ 100 ಮಿಲಿಗ್ರಾಂ, ಹೊರಡುವ ಒಂದೆರಡು ದಿನ ಮೊದಲಿನಿಂದ ಆ ಪ್ರದೇಶ ಬಿಟ್ಟ ನಾಲ್ಕು ವಾರದವರೆಗೆ. ದೊಡ್ಡ ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಾದರೂ ಮಲಗಬಾರದು. ಇಲ್ಲದಿದ್ದರೆ ಅನ್ನನಾಳ ಸುಟ್ಟಂತೆ ಹುಣ್ಣಾಗುತ್ತದೆ. ಬಿಸಿಲಿಗೆ ಚರ್ಮ ಬೇಗ ಕೆಂಪೇರುತ್ತದೆ. ಗರ್ಭಿಣಿಯರಿಗೆ ಈ ಮಾತ್ರೆ ಬೇಡ. ಮಗು ಬೇಕೆಂದಿರುವ ದಂಪತಿ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಆದರೆ ಮಾತ್ರೆ ಬರೆಸಿಕೊಳ್ಳಲು ಗಂಡನೊಬ್ಬನೇ ಹೋಗಿ ಎರಡು ಪಟ್ಟಿ ತರುವುದೇ ವಾಡಿಕೆ!

ಹಳದಿ ಜ್ವರದ ಲಸಿಕೆ ನಿಗದಿತ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಹತ್ತಿರದ ಕೇಂದ್ರ ಯಾವುದೆಂದು ಕೊಡಗಿನವರು ಮೊದಲೇ ವಿಚಾರಿಸಿಕೊಳ್ಳಬೇಕು. ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ ಹತ್ತು ದಿನಗಳ ನಂತರ. ಹೊರಡುವ ವಾರ ಹಾಕಿಸಿಕೊಂಡರೆ ವಿಮಾನ ನಿಲ್ದಾಣದಲ್ಲೇ ತೊಡಕು. 2016ರ ಜುಲೈನಿಂದ ಒಂದು ಡೋಸು ಜೀವಮಾನಕ್ಕೆ ಸಾಕೆಂದಾಗಿದೆ, ಲಸಿಕೆ ದಾಖಲಾದ ಹಳದಿ ಪುಸ್ತಕವನ್ನು ಜೋಪಾನ ಮಾಡಿ. ರೋಗ ಇರುವ ದೇಶದಿಂದ ಅದಿಲ್ಲದೆ ಭಾರತಕ್ಕೆ ಇಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ರಜೆಗೆ ಊರಿಗೆ ಬಂದಾಗ ಜ್ವರ ಬಂದರೆ ಎಲ್ಲಿಂದ ಬಂದಿರೆಂದು ವೈದ್ಯರಿಗೆ ಬಾಗಿಲಲ್ಲೇ ಹೇಳಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಮಳೆಗಾಲದ ಕೊಡಗಿನಲ್ಲಿ ಯಾವ ಜ್ವರವನ್ನೂ ‘ವೈರಲ್’ ಎಂದುಬಿಡುವುದು ಸುಲಭ.

ದುಡ್ಡಿನ ಬಗ್ಗೆ ಸಭೆಯ ಖಜಾಂಚಿಗಳಿಗೆ ಎರಡು ಮಾತು. ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾಯ್ದೆ ಹೊರಗಿನಿಂದ ಬರುವ ಹಣಕ್ಕೆ ಸಂಬಂಧಿಸಿದ್ದು, ಹೋಗುವ ಹಣಕ್ಕಲ್ಲ. ಅಡಚಣೆ ಬೇರೆ ಕಡೆ ಇದೆ: ಟ್ರಸ್ಟಿನ ಆದಾಯವನ್ನು ಭಾರತದ ಹೊರಗೆ ಖರ್ಚು ಮಾಡಿದರೆ, ಕೇಂದ್ರ ನೇರ ತೆರಿಗೆ ಮಂಡಳಿಯ ಅನುಮತಿ ಇಲ್ಲದೆ ಆ ಮೊತ್ತಕ್ಕೆ ವಿನಾಯಿತಿ ಇಲ್ಲ. ವ್ಯಕ್ತಿಗಳು ತಮ್ಮ ಸ್ವಂತ ಹಣವನ್ನು ರಿಸರ್ವ್ ಬ್ಯಾಂಕಿನ ಉದಾರ ರವಾನೆ ಯೋಜನೆಯಡಿ ವರ್ಷಕ್ಕೆ 2.5 ಲಕ್ಷ ಡಾಲರಿನವರೆಗೆ ಕಳುಹಿಸಬಹುದು. ಲೆಕ್ಕ ಪರಿಶೋಧಕರನ್ನು ಮೊದಲು ಕೇಳಿ, ಮೊದಲ ಕಂತು ಹೋದ ಮೇಲಲ್ಲ. ಅನಿವಾಸಿಯಾದವರು ಉಳಿತಾಯ ಖಾತೆಯನ್ನು ಎನ್‌ಆರ್‌ಒ ಎಂಬ ಅನಿವಾಸಿ ಖಾತೆಯಾಗಿ ಬದಲಿಸಿಕೊಳ್ಳಬೇಕು. ಇಬ್ಬರಿಗೂ ಬೇರೆ ಬೇರೆ ಖಾತೆ, ಬೇರೆ ಬೇರೆ ಕಾರ್ಡ್ ಇರಲಿ. ಗಂಡ ಹಳ್ಳಿ ಸುತ್ತಲು ಹೋದಾಗ ಎಟಿಎಂ ಅವನ ಕಾರ್ಡ್ ನುಂಗಿದರೆ ಮನೆಯಲ್ಲಿ ಅಕ್ಕಿಗೂ ಕಾಸಿರುವುದಿಲ್ಲ.

ತೋಟ ಇರುವವರಿಗೆ ಇನ್ನೊಂದು. ಅನಿವಾಸಿಗಳು ಕೃಷಿಭೂಮಿಯನ್ನಾಗಲಿ ಕಾಫಿ ತೋಟವನ್ನಾಗಲಿ ಕೊಳ್ಳುವಂತಿಲ್ಲ. ಮೊದಲೇ ಇದ್ದದ್ದನ್ನು, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ನೋಡಿಕೊಳ್ಳುವವರಿಗೆ ಅಧಿಕಾರ ಪತ್ರವನ್ನು ಇಲ್ಲಿದ್ದಾಗಲೇ ನೋಂದಾಯಿಸಿ ಕೊಡಿ. ಅಲ್ಲಿಂದ ಕಳುಹಿಸಿದರೆ ರಾಯಭಾರ ಕಚೇರಿಯ ದೃಢೀಕರಣ ಬೇಕು, ಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕವನ್ನೂ ಕಟ್ಟಬೇಕು. ಈ ಓಡಾಟವೆಲ್ಲ ಕೊಯ್ಲಿನ ಡಿಸೆಂಬರ್‌ನಲ್ಲೇ ತಲೆಮೇಲೆ ಬಿದ್ದರೆ ಯಾರು ಮಾಡುತ್ತಾರೆ?

ಪೆಟ್ಟಿಗೆ ಕಟ್ಟುವಾಗ ಉಪ್ಪಿನಕಾಯಿ, ಕಾಚಂಪುಳಿಯನ್ನು ಕ್ಯಾರಿ ಬ್ಯಾಗ್‌ಗಳಲ್ಲಿ ಸುತ್ತಬೇಡಿ. ಕೀನ್ಯಾ 2017ರಿಂದ, ತಾಂಜಾನಿಯಾ 2019ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿವೆ. ಗಾಜಿನ ಬಾಟಲಿಗೆ ಬಟ್ಟೆ ಸುತ್ತಿ ಚೆಕ್‌ಇನ್ ಪೆಟ್ಟಿಗೆಗೆ ಹಾಕಿ. ಈ ಎರಡೂ ದೇಶಗಳಲ್ಲಿ ಮತ್ತು ಉಗಾಂಡದಲ್ಲಿ ಪ್ಲಗ್ ಬ್ರಿಟಿಷ್ ಮಾದರಿಯದು, ಮೂರು ಚೌಕ ಪಿನ್. ಮಿಕ್ಸಿ ಒಯ್ಯುವವರು ಅಡಾಪ್ಟರ್ ಬದಲು ಅಲ್ಲೇ 13 ಆಂಪ್ ಪ್ಲಗ್ ಕೊಂಡು ತಂತಿಗೆ ಹಾಕಿಸಲಿ. ಅಗ್ಗದ ಅಡಾಪ್ಟರ್ ಮಿಕ್ಸಿಯ ಹೊರೆಗೆ ಕರಗುತ್ತದೆ. ಊಟದ ಚಿಂತೆ ಬೇಡ, ಮುದ್ದೆ ಗೊತ್ತಿದ್ದವರಿಗೆ ಉಗಾಲಿ ಬರುತ್ತದೆ: ಎರಡು ಲೋಟ ಕುದಿಯುವ ನೀರಿಗೆ ಒಂದೂಕಾಲು ಲೋಟದಷ್ಟು ಮುಸುಕಿನ ಜೋಳದ ಹಿಟ್ಟು, ಗಂಟಾಗದಂತೆ ತಿರುವುತ್ತ. ಮುದ್ದೆಯ ಹಾಗೆ ನುಂಗದೆ ಅಗಿಯಬೇಕು, ಅಷ್ಟೇ ವ್ಯತ್ಯಾಸ.

ಭಾಷೆಗೆ ಬಂದರೆ ಪೂರ್ವ ಆಫ್ರಿಕಾದ ಸ್ವಾಹಿಲಿ ಕನ್ನಡಿಗರ ನಾಲಿಗೆಗೆ ಕಷ್ಟವಲ್ಲ. ಅದರ ಪದಗಳೂ ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ. ಯಾರಿಗೋ ಪೆಟ್ಟಾದಾಗ, ಸಾವಾದಾಗ ‘ಪೋಲೆ’ ಎನ್ನುತ್ತಾರೆ, ಅಯ್ಯೋ ಪಾಪ ಎಂಬಂತೆ, ನಗಬೇಡಿ. ಎಡವಿಸುವುದು ಗಡಿಯಾರ. ಅಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ: ‘ಸಾ ಮೋಜಾ’ ಅಂದರೆ ಒಂದು ಗಂಟೆ, ನಮ್ಮ ಲೆಕ್ಕಕ್ಕೆ ಬೆಳಗಿನ ಏಳು. ‘ಸಾ ನ್ನೆ’, ನಾಲ್ಕು ಗಂಟೆ, ಎಂದು ಸಭೆ ಕರೆದರೆ ಅದು ಬೆಳಗಿನ ಹತ್ತು. ಸಂಜೆ ಹೋದವರಿಗೆ ಖಾಲಿ ಬೆಂಚು. ಮೊದಲ ಮೂರು ತಿಂಗಳು ಗಂಡನಿಗೂ ಪ್ರಸಂಗ (ಚರ್ಚಿನ ಬೋಧನೆ) ಬೇಡ, ಇಬ್ಬರೂ ದಿನಕ್ಕೆ ಎರಡು ಗಂಟೆ ಒಂದೇ ಮೇಷ್ಟ್ರ ಹತ್ತಿರ ಕೂರಲಿ. ಆ ಹೊತ್ತಿಗೆ ಮನೆಗೆಲಸಕ್ಕೆ ಯಾರನ್ನಾದರೂ ಇಟ್ಟುಕೊಳ್ಳುವ ಖರ್ಚನ್ನು ಸಭೆಯೇ ಬಜೆಟ್ಟಿನಲ್ಲಿ ಬರೆಯಲಿ. ಬರೆಯದಿದ್ದರೆ ಒಲೆ, ನೀರು, ಬಟ್ಟೆ ಎಲ್ಲ ಹೆಂಡತಿಯ ಪಾಲು. ಆರನೇ ತಿಂಗಳಿಗೆ ಗಂಡ ಪ್ರಸಂಗ ಮಾಡುತ್ತಾನೆ, ಆಕೆ ಸಂತೆಯಲ್ಲಿ ಬೆರಳು ತೋರಿಸಿ ಟೊಮೆಟೊ ಕೊಳ್ಳುತ್ತಾಳೆ.

ಊರಿನ ಸಭೆಗೆ ಕಳುಹಿಸುವ ಪ್ರಾರ್ಥನಾ ಪತ್ರ ಗಂಡ ಬರೆಯುತ್ತಾನೆ, ಅದರಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಹೆಂಡತಿಗೆ ಬೇರೆಯಾಗಿ ತಿಂಗಳಿಗೆರಡು ಸಲ ಫೋನ್ ಮಾಡಲು ಸಭೆಯ ಒಬ್ಬ ಹಿರಿಯ ಹೆಂಗಸನ್ನು ನೇಮಿಸಿ. ಪೂರ್ವ ಆಫ್ರಿಕಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಊಟ ಮುಗಿಸಿ ಒಂಬತ್ತಕ್ಕೆ ಮಾಡಿದರೆ ಅಲ್ಲಿ ಆರೂವರೆ, ಆಕೆ ಒಲೆ ಮುಂದಿರುತ್ತಾಳೆ, ಗಂಡ ಪಕ್ಕದಲ್ಲಿರುತ್ತಾನೆ. ಸಂಜೆ ನಾಲ್ಕೂವರೆಗೆ ಮಾಡಿ. ಅಲ್ಲಿ ಮಧ್ಯಾಹ್ನ ಎರಡು, ಮನೆಯಲ್ಲಿ ಆಕೆ ಒಬ್ಬಳೇ ಇರುವ ಹೊತ್ತು.

— ಹೊರಡುವ ದಂಪತಿಗಳ ತಯಾರಿಯಲ್ಲಿ ತೊಡಗಿರುವ ಇಬ್ಬರು, ವಿರಾಜಪೇಟೆ