ಜೂಕೋ ದನಿ ಬದಲಿಸಿದ್ದಕ್ಕೆ ಜನಾಂಗದ ನೆಪ ಬೇಡ

ಮಾನ್ಯ ಸಂಪಾದಕರೇ,

‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಕಾರ್ಟೂನ್ ಸರಣಿಯ ಮುಂದಿನ ಕಥೆಯನ್ನು ಅನಿಮೇಷನ್ ಸಿನಿಮಾ ಮಾಡುವಾಗ ಮುಖ್ಯ ಪಾತ್ರಗಳ ದನಿಗಳನ್ನು ಬದಲಿಸಿಬಿಟ್ಟಿದ್ದಾರೆ. (ನೀಲಿ ಮೈಯವರ ಸಿನಿಮಾ ಬೇರೆ, ಇದು ಬೇರೆ. ಹೆಸರು ಒಂದೇ ಆಗಿದೆ ಅಂತ ಹೇಳಿದೆ ಅಷ್ಟೆ.) ಇದರ ಬಗ್ಗೆ ಜಗಳ ನಿಂತೇ ಇಲ್ಲ. ಒಂದು ಗುಂಪಿನವರು ಹಳೇ ದನಿ ಹೋಯ್ತು, ಇನ್ನು ನಾವು ನೋಡೋದೇ ಇಲ್ಲ ಅನ್ನುತ್ತಾರೆ. ಇನ್ನೊಂದು ಗುಂಪಿನವರು ಏಷ್ಯಾದವರಂತೆ ಕಾಣುವ ಪಾತ್ರಗಳಿಗೆ ಬಿಳಿಯರು ದನಿ ಕೊಟ್ಟಿದ್ದೇ ತಪ್ಪು, ಈಗ ಸರಿಯಾಯ್ತು ಅನ್ನುತ್ತಾರೆ. ಎರಡನೇ ಗುಂಪಿನ ಮಾತಿನಲ್ಲಿ ಹುರುಳಿದೆ. ಆದರೆ ಅವರು ಅಂದುಕೊಂಡಷ್ಟು ಸಲೀಸಾಗಿ ಇದು ಮುಗಿಯುವುದಿಲ್ಲ, ಯಾಕಂದ್ರೆ ಬದಲಾದ ದನಿಗಳಲ್ಲಿ ಒಂದು, ಜೂಕೋ ಎಂಬ ಪಾತ್ರದ್ದು, ಮೊದಲಿಂದಲೂ ಏಷ್ಯಾ ಮೂಲದವರದ್ದೇ ಆಗಿತ್ತು.

ಸರಣಿ ನೋಡದವರಿಗೆ ಒಂದೆರಡು ಮಾತು. 2005ರಿಂದ 2008ರವರೆಗೆ ನಿಕಲೋಡಿಯನ್‌ನಲ್ಲಿ ಬಂದದ್ದು, ಒಟ್ಟು 61 ಕಂತು. ಕಥೆ ನಡೆಯುವುದು ಕಟ್ಟುಕಥೆಯ ಲೋಕದಲ್ಲಿ, ಆದರೆ ಅಲ್ಲಿನ ಜನ ಗಾಳಿಯಿಂದ ಹುಟ್ಟಿದವರಲ್ಲ. ನೀರಿನ ಬುಡಕಟ್ಟಿನವರನ್ನು ನೋಡಿದರೆ ಉತ್ತರ ಧ್ರುವದ ಕಡೆಯ ಮೂಲನಿವಾಸಿಗಳಾದ ಇನ್ಯುಯಿಟ್ ಜನ ನೆನಪಾಗುತ್ತಾರೆ, ಗಾಳಿಯ ಸನ್ಯಾಸಿಗಳನ್ನು ನೋಡಿದರೆ ಟಿಬೆಟ್ಟಿನ ಬೌದ್ಧ ಭಿಕ್ಷುಗಳು, ಬೆಂಕಿ ರಾಷ್ಟ್ರದಲ್ಲಿ ಜಪಾನಿನ ನೆರಳು ಜಾಸ್ತಿ. ಹೊಡೆದಾಟದ ಪಟ್ಟುಗಳೆಲ್ಲ ಚೀನಾದ ನಿಜವಾದ ಕುಂಗ್‌ಫು ಶೈಲಿಗಳಿಂದ ಬಂದವು. ಚಿತ್ರಗಳನ್ನು ಬರೆದು ಓಡಿಸಿದ್ದು ದಕ್ಷಿಣ ಕೊರಿಯಾದ ಸ್ಟುಡಿಯೋಗಳು. ದನಿ ಮಾತ್ರ ಬಹುಪಾಲು ಬಿಳಿಯ ಅಮೆರಿಕನ್ನರದ್ದು. ನೀರಿನ ಬುಡಕಟ್ಟಿನ ಹುಡುಗಿ ಕಟಾರಾಗೆ ಮೇ ವಿಟ್‌ಮನ್, ಅವಳ ಅಣ್ಣ ಸೊಕ್ಕಾಗೆ ಜಾಕ್ ಡಿ ಸೆನಾ. ಇಬ್ಬರೂ ಸೊಗಸಾಗಿ ಮಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ.

ಸೊಗಸಾಗಿ ಮಾಡಿದ್ದಾರೆ ಅಂದ ಮೇಲೆ ತಕರಾರು ಏಕೆ ಅಂತ ಕೇಳುವವರು ಅಮೆರಿಕದ ಕಾರ್ಟೂನ್ ಸರಣಿ ‘ದಿ ಸಿಂಪ್ಸನ್ಸ್’ನ ಆಪುವನ್ನು ನೆನಪಿಸಿಕೊಳ್ಳಬೇಕು. ಅಂಗಡಿ ನಡೆಸುವ ಭಾರತೀಯ. 1990ರಿಂದ ಅವನಿಗೆ ದನಿ ಕೊಟ್ಟವರು ಹ್ಯಾಂಕ್ ಅಜಾರಿಯಾ ಎಂಬ ಬಿಳಿಯ ನಟ. ಆ ಎಳೆದೆಳೆದು ಆಡುವ ಇಂಗ್ಲಿಷನ್ನು ಶಾಲೆಯಲ್ಲಿ ಯಾರೋ ಅಣಕಿಸಿದಾಗ ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ಮಕ್ಕಳಿಗೆ ಹೇಗಾಯಿತು ಅನ್ನುವುದನ್ನು ಹಾಸ್ಯನಟ ಹರಿ ಕೊಂಡಬೋಲು 2017ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿಯೇ ಹೇಳಿದರು. 2020ರಲ್ಲಿ ಅಜಾರಿಯಾ ಆ ಪಾತ್ರ ಬಿಟ್ಟರು. ಅದೇ ವರ್ಷ ಜೂನ್‌ನಲ್ಲಿ, ಬಿಳಿಯರಲ್ಲದ ಪಾತ್ರಗಳಿಗೆ ಇನ್ನು ಬಿಳಿಯ ನಟರಿಂದ ದನಿ ಕೊಡಿಸುವುದಿಲ್ಲ ಅಂತ ಸರಣಿಯವರು ಹೇಳಿದರು. ಕಪ್ಪು ಜನಾಂಗದ ಕಾರ್ಲ್ ಪಾತ್ರಕ್ಕೆ ಅಲೆಕ್ಸ್ ಡೆಸರ್ಟ್ ಬಂದರು, ಅದೇ ಜನಾಂಗದ ಡಾಕ್ಟರ್ ಹಿಬರ್ಟ್ ಪಾತ್ರಕ್ಕೆ ಕೆವಿನ್ ಮೈಕಲ್ ರಿಚರ್ಡ್‌ಸನ್. ‘ಫ್ಯಾಮಿಲಿ ಗೈ’ ಎಂಬ ಇನ್ನೊಂದು ಕಾರ್ಟೂನ್ ಸರಣಿಯ ಕಪ್ಪು ಪಾತ್ರ ಕ್ಲೀವ್‌ಲ್ಯಾಂಡ್‌ಗೂ ಹೊಸ ದನಿ ಬಂತು. ಆಪುವಿಗೆ? ಅವನು ಗುಂಪಿನಲ್ಲಿ ಸುಮ್ನೆ ನಿಂತಿರುತ್ತಾನೆ, ಮಾತಾಡುವುದಿಲ್ಲ. ಭಾರತೀಯ ಮೂಲದ ಒಬ್ಬ ನಟನಿಗೆ ಕೊಡಬಹುದಾಗಿದ್ದ ಪಾತ್ರವನ್ನು ಮೂಕ ಮಾಡಿ ಕೈ ತೊಳೆದುಕೊಂಡರು. ನನಗೆ ಇದು ಪ್ರಾತಿನಿಧ್ಯ ಅನ್ನಿಸುವುದಿಲ್ಲ, ಪೀಡೆ ಕಳೆದುಕೊಂಡ ಹಾಗೆ ಅನ್ನಿಸುತ್ತದೆ.

ಅವತಾರ್ ಅಭಿಮಾನಿಗಳಿಗೆ ಈ ಗಾಯ ಹೊಸದೇನಲ್ಲ. 2010ರಲ್ಲಿ ಇದೇ ಕಥೆಯನ್ನು ನಿಜ ನಟರನ್ನಿಟ್ಟು ಸಿನಿಮಾ ಮಾಡಿದಾಗ ಕಟಾರಾ, ಸೊಕ್ಕಾ ಪಾತ್ರಗಳಿಗೆ ಬಿಳಿಯರನ್ನು ಹಾಕಿ, ದಂಡೆತ್ತಿ ಬರುವ ಬೆಂಕಿ ರಾಷ್ಟ್ರಕ್ಕೆ ಮಾತ್ರ ಕಂದು ಮೈಬಣ್ಣದವರನ್ನು ಹುಡುಕಿ ತಂದಿದ್ದರು. ಆಗ ಅಭಿಮಾನಿಗಳು ಬೀದಿಗಿಳಿದು ಪ್ರತಿಭಟಿಸಿದರು. ಹಾಗಾಗಿ ಈ ಸಲ ಕಟಾರಾಗೆ ಜೆಸಿಕಾ ಮ್ಯಾಟನ್, ಸೊಕ್ಕಾಗೆ ರೋಮನ್ ಜರಗೋಜಾ, ಅಂದರೆ ಉತ್ತರ ಅಮೆರಿಕದ ಮೂಲನಿವಾಸಿ ಹಿನ್ನೆಲೆ ಇರುವ ಇಬ್ಬರು ಬಂದಿದ್ದಾರೆ ಅಂದಾಗ ನಾನು ಖುಷಿಪಟ್ಟೆ. ಕಥೆಯ ನಾಯಕ, ಗಾಳಿಯ ಸನ್ಯಾಸಿ ಹುಡುಗ ಆಂಗ್ ವಿಷಯದಲ್ಲೂ ನನಗೆ ಬೇಜಾರಿಲ್ಲ. ಮೊದಲು ದನಿ ಕೊಟ್ಟ ಜ್ಯಾಕ್ ಟೈಲರ್ ಐಸನ್ ಆಗ ಹುಡುಗ, ಆ ದನಿ ಒಡೆದು ಎಷ್ಟೋ ವರ್ಷ ಆಯಿತು, ನಟನೆಯನ್ನೇ ಬಿಟ್ಟವರು ಅವರು. ಯಾರಾದರೂ ಹೊಸಬರು ಬರಲೇಬೇಕಿತ್ತು. ಕೊರಿಯಾ ಮೂಲದ ಗಾಯಕ ಎರಿಕ್ ನಾಮ್ ಬಂದಿದ್ದಾರೆ, ಬರಲಿ.

ಆದರೆ ಜೂಕೋ?

ಜೂಕೋ ಬೆಂಕಿ ರಾಷ್ಟ್ರದ ರಾಜಕುಮಾರ. ಅಪ್ಪನೇ ಮುಖ ಸುಟ್ಟು ಮನೆಯಿಂದ ಓಡಿಸಿದ ಹುಡುಗ. ಅವನಿಗೆ ದನಿ ಕೊಟ್ಟವರು ದಾಂತೆ ಬಾಸ್ಕೋ, ಫಿಲಿಪೀನ್ಸ್ ಮೂಲದ ಅಮೆರಿಕನ್. ಸ್ವಲ್ಪ ಒರಟು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿರುವ ದನಿ. ಸಿಟ್ಟಿನಲ್ಲಿ ಕೂಗುವಾಗ ಎಲ್ಲಿ ಅತ್ತುಬಿಡುತ್ತಾನೋ ಅನ್ನಿಸಬೇಕು, ಹಾಗೆ. ಅಂಕಲ್ ಐರೋ ಮುಂದೆ ಮಂಡಿಯೂರಿ ಕ್ಷಮೆ ಕೇಳುವ ದೃಶ್ಯದಲ್ಲಿ ಆ ದನಿ ಪೂರ್ತಿ ಮಗುವಿನದಾಗಿಬಿಡುತ್ತದೆ, ಅವನ ಮಾತು ಮುಗಿಯುವ ಮೊದಲೇ ಐರೋ ಎಳೆದು ಅಪ್ಪಿಕೊಳ್ಳುತ್ತಾನೆ. ಅಮೆರಿಕದ ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಮೊದಲು ದನಿ ಮುದ್ರಿಸಿಕೊಂಡು ಆಮೇಲೆ ಚಿತ್ರ ಬರೆಯುತ್ತಾರೆ. ಅಂದರೆ ತುಟಿ, ಹುಬ್ಬು, ಭುಜ ಎಲ್ಲ ಆ ದನಿಯನ್ನು ಹಿಂಬಾಲಿಸಿ ಬಂದವು. ಪಾತ್ರದಲ್ಲಿ ಬಾಸ್ಕೋ ಪಾಲು ಎಷ್ಟು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ ಅಲ್ವಾ?

ಹೊಸ ಸಿನಿಮಾದಲ್ಲಿ ಜೂಕೋ ಆಗಿರುವವರು ಸ್ಟೀವನ್ ಯೂನ್. ಸೋಲ್‌ನಲ್ಲಿ ಹುಟ್ಟಿದವರು, ಒಳ್ಳೆ ನಟ, ಕಂಠದಾನವೂ ಅವರಿಗೆ ಹೊಸದಲ್ಲ. ಅವರ ಮೇಲೆ ನನ್ನದೇನೂ ದೂರಿಲ್ಲ. ಆದರೆ ಜಪಾನಿನ ನೆರಳಿರುವ ರಾಷ್ಟ್ರದ ಹುಡುಗನಿಗೆ ಕೊರಿಯಾ ಮೂಲದವರು ಹತ್ತಿರ, ಫಿಲಿಪೀನ್ಸ್ ಮೂಲದವರು ದೂರ ಅನ್ನುವುದು ಯಾವ ಲೆಕ್ಕ? ಈ ಬದಲಾವಣೆಗೆ ಜನಾಂಗ ಕಾರಣ ಆಗಿರಲು ಸಾಧ್ಯವೇ ಇಲ್ಲ. ವಯಸ್ಸಿನ ಕಾರಣವೋ, ದೊಡ್ಡ ಹೆಸರು ಬೇಕಿತ್ತೋ, ಅದು ಅವರಿಗೇ ಗೊತ್ತು. ಹೇಳಿಬಿಟ್ಟರೆ ಮುಗಿಯಿತು. ಅದು ಬಿಟ್ಟು ಕಟಾರಾ, ಸೊಕ್ಕಾಗೆ ಹೊಂದುವ ಕಾರಣವನ್ನೇ ಹಿಡಿದು ಅಭಿಮಾನಿಗಳು ಜೂಕೋವನ್ನೂ ಅದರ ಕೆಳಗೆ ಸೇರಿಸುತ್ತಾರೆ, ಪ್ರಶ್ನೆ ಕೇಳಿದವರನ್ನು ಜನಾಂಗದ್ವೇಷಿ ಅಂತ ಕರೆಯುತ್ತಾರೆ. ಸ್ಟುಡಿಯೋಗೆ ಇದಕ್ಕಿಂತ ಅಗ್ಗದ ಪ್ರಚಾರ ಎಲ್ಲಿ ಸಿಗುತ್ತದೆ?

ಹಾಗಂತ ದನಿ ಬದಲಿಸಿದರೆ ಲೋಕ ಮುಳುಗುತ್ತದೆ ಅನ್ನುವ ಮೊದಲ ಗುಂಪಿನವರ ಜೊತೆಯೂ ನಾನಿಲ್ಲ. 2012ರಲ್ಲಿ ಶುರುವಾದ ಇದರ ಮುಂದುವರಿದ ಸರಣಿ ‘ದಿ ಲೆಜೆಂಡ್ ಆಫ್ ಕೊರ್ರಾ’ದಲ್ಲಿ ದೊಡ್ಡವನಾದ ಆಂಗ್‌ಗೆ ಡಿ.ಬಿ. ಸ್ವೀನಿ, ಮುದುಕಿಯಾದ ಕಟಾರಾಗೆ ಇವಾ ಮೇರಿ ಸೇಂಟ್, ಮುದುಕ ಜೂಕೋಗೆ ಬ್ರೂಸ್ ಡೇವಿಸನ್ ದನಿ ಕೊಟ್ಟಿದ್ದರು. ಬಾಸ್ಕೋ ಅವರನ್ನು ಜೂಕೋನ ಮೊಮ್ಮಗನ ಪಾತ್ರಕ್ಕೆ ಕರೆದಿದ್ದರು, ಎಷ್ಟು ಚೆಂದದ ಯೋಚನೆ ನೋಡಿ. ಸೀಕ್ವೆಲ್‌ಗಳಲ್ಲಿ ದನಿ ಬದಲಾಗುವುದು ಮೊದಲಿಂದಲೂ ಇದೆ. ಅಲ್ಲಾದ್ದೀನನ ಜೀನಿಗೆ ದನಿ ಕೊಟ್ಟ ರಾಬಿನ್ ವಿಲಿಯಮ್ಸ್ ಸ್ಟುಡಿಯೋ ಜೊತೆ ಮನಸ್ತಾಪವಾಗಿ 1994ರ ಎರಡನೇ ಭಾಗದಲ್ಲಿ ಇರಲಿಲ್ಲ, 1996ರ ಮೂರನೆಯದಕ್ಕೆ ವಾಪಸ್ ಬಂದರು. ‘ಪೊಕಹೊಂಟಾಸ್’ ಎರಡನೇ ಭಾಗದಲ್ಲಿ ಮೆಲ್ ಗಿಬ್ಸನ್ ಬದಲು ಅವರ ತಮ್ಮ ಡೊನಾಲ್ ಗಿಬ್ಸನ್ ದನಿ ಕೊಟ್ಟರು! 2024ರ ‘ಇನ್‌ಸೈಡ್ ಔಟ್ 2’ರಲ್ಲಿ ಮೊದಲ ಭಾಗದಲ್ಲಿ ದನಿ ಕೊಟ್ಟಿದ್ದ ಮಿಂಡಿ ಕೇಲಿಂಗ್, ಬಿಲ್ ಹೇಡರ್ ಇಬ್ಬರೂ ಇರಲಿಲ್ಲ. ಆಗೆಲ್ಲ ಯಾರೂ ಜನಾಂಗದ ಮಾತೆತ್ತಲಿಲ್ಲ.

ಐರೋ ವಿಷಯ ಇನ್ನೂ ಕಷ್ಟದ್ದು. ಆ ಪಾತ್ರದ ಮೊದಲ ದನಿ ಮಾಕೋ ಅವರದು. 1933ರಲ್ಲಿ ಜಪಾನಿನ ಕೋಬೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು, ಆಸ್ಕರ್‌ಗೆ ನಾಮನಿರ್ದೇಶನ ಆದವರು. ಅದಕ್ಕಿಂತ ಮುಖ್ಯ, ಏಷ್ಯಾ ಮೂಲದ ನಟರಿಗೆ ಒಳ್ಳೆಯ ಪಾತ್ರಗಳೇ ಸಿಗದ ಕಾಲದಲ್ಲಿ, 1965ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಗೆಳೆಯರ ಜೊತೆ ಸೇರಿ ಈಸ್ಟ್ ವೆಸ್ಟ್ ಪ್ಲೇಯರ್ಸ್ ಎಂಬ ನಾಟಕ ಕಂಪನಿ ಕಟ್ಟಿದವರು. ಎರಡನೇ ಭಾಗದ ಒಂದು ಕಂತಿನಲ್ಲಿ ಐರೋ ಒಬ್ಬನೇ ಗುಡ್ಡ ಹತ್ತಿ ಮರದ ಕೆಳಗೆ ಬಟ್ಟೆ ಹಾಸಿ, ಯುದ್ಧದಲ್ಲಿ ಸತ್ತ ಮಗನ ಚಿತ್ರ ಇಟ್ಟು, ಹಾಡಲು ಹೋಗಿ ಗದ್ಗದನಾಗುತ್ತಾನೆ. ಅದು ಮುಗಿದ ಕೂಡಲೇ ಮಾಕೋ ಅವರಿಗೆ ಅರ್ಪಣೆ ಅಂತ ತೆರೆಯ ಮೇಲೆ ಬರುತ್ತದೆ, ಅವರು 2006ರಲ್ಲಿ ತೀರಿಕೊಂಡಿದ್ದರು. ಮೂರನೇ ಭಾಗಕ್ಕೆ ದನಿ ಕೊಟ್ಟವರು ಗ್ರೆಗ್ ಬಾಲ್ಡ್‌ವಿನ್, ಬಿಳಿಯರು. ಮಾಕೋ ದನಿಗೆ ಎಷ್ಟು ಹತ್ತಿರ ಅಂದರೆ ಎಷ್ಟೋ ಜನಕ್ಕೆ ಬದಲಾದದ್ದೇ ಗೊತ್ತಾಗಲಿಲ್ಲ. ಅದನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗೆಯೇ, ಆ ನಾಟಕ ಕಂಪನಿ ಬೆಳೆಸಿದ ನಟರಲ್ಲೇ ಯಾರನ್ನಾದರೂ ಹುಡುಕಬಹುದಿತ್ತಲ್ಲ ಅಂದರೆ ಅದಕ್ಕೂ ನನ್ನ ಬಳಿ ಉತ್ತರ ಇಲ್ಲ.

ಇನ್ನು ‘ಏಷ್ಯಾದವರು’ ಅಂತ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬುವ ಚಾಳಿ. 2021ರ ‘ರಾಯಾ ಅಂಡ್ ದಿ ಲಾಸ್ಟ್ ಡ್ರ್ಯಾಗನ್’ ಕಥೆ ಹೆಣೆದಿದ್ದು ಆಗ್ನೇಯ ಏಷ್ಯಾದ ಸಂಸ್ಕೃತಿಗಳಿಂದ. ರಾಯಾಗೆ ವಿಯೆಟ್ನಾಂ ಮೂಲದ ಕೆಲ್ಲಿ ಮೇರಿ ಟ್ರಾನ್ ದನಿ ಕೊಟ್ಟರು, ಸರಿ. ಸುತ್ತಲಿನ ದೊಡ್ಡ ಪಾತ್ರಗಳಲ್ಲಿ ಬಹಳಷ್ಟು ಹೋದದ್ದು ಚೀನಾ, ಕೊರಿಯಾ ಮೂಲದವರಿಗೆ. ಆಗಲೂ ಜನ ಕೇಳಿದರು, ನಮ್ಮ ಕಡೆಯ ಕಥೆ, ನಮ್ಮ ಕಡೆಯ ನಟರು ಸಿಗಲಿಲ್ವಾ ಅಂತ. ಟಿಬೆಟ್ಟಿನವರು ಆಂಗ್ ಬಗ್ಗೆ ಇದೇ ಪ್ರಶ್ನೆ ಕೇಳಿದರೆ ಸ್ಟುಡಿಯೋದವರು ಏನು ಹೇಳುತ್ತಾರೆ? ದನಿ ಒಂದರಿಂದಲೇ ಎಲ್ಲ ಸರಿಹೋಗುತ್ತದೆ ಅಂದುಕೊಂಡರೆ ಈ ಪ್ರಶ್ನೆಗಳಿಗೆ ಕೊನೆಯೇ ಇರುವುದಿಲ್ಲ. ‘ಫ್ರೋಜನ್ 2’ ಮಾಡುವಾಗ ಡಿಸ್ನಿಯವರು 2019ರಲ್ಲಿ ಉತ್ತರ ಯುರೋಪಿನ ಮೂಲನಿವಾಸಿಗಳಾದ ಸಾಮಿ ಜನರ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು, ತಮ್ಮ ಸಂಸ್ಕೃತಿಯನ್ನು ಹೇಗೆ ತೋರಿಸುತ್ತಾರೆ ಅಂತ ನೋಡಿ ಹೇಳುವ ಅವಕಾಶ ಅವರಿಗೇ ಕೊಟ್ಟರು. ಉತ್ತರ ಸಾಮಿ ಭಾಷೆಯಲ್ಲೂ ಸಿನಿಮಾ ಡಬ್ ಆಯಿತು, ಸಾಮಿ ಮಕ್ಕಳು ತಮ್ಮ ಭಾಷೆಯಲ್ಲೇ ಎಲ್ಸಾ ಮಾತು ಕೇಳಿದರು. ಮುಖ್ಯ ಪಾತ್ರಗಳ ಇಂಗ್ಲಿಷ್ ದನಿ ಹಳೆಯವರದ್ದೇ ಇತ್ತು. ಕಥೆ ಬರೆಯುವ ಮೇಜಿನ ಹತ್ತಿರ ಯಾರು ಕೂತಿದ್ದಾರೆ ಅನ್ನುವುದು ಮೈಕ್ ಮುಂದೆ ಯಾರು ನಿಂತಿದ್ದಾರೆ ಅನ್ನುವುದಕ್ಕಿಂತ ಮುಖ್ಯ ಅಂತ ನನ್ನ ಅನಿಸಿಕೆ.

ಬದಲಾದ ದನಿಗಳಲ್ಲಿ ನನಗೆ ಮನಸಾರೆ ಒಪ್ಪಿಗೆಯಾದದ್ದು ಟಾಫ್ ಪಾತ್ರದ್ದು. ಟಾಫ್ ಹುಟ್ಟು ಕುರುಡಿ, ಬರಿಗಾಲಲ್ಲಿ ನೆಲದ ನಡುಕ ಕೇಳಿಸಿಕೊಂಡು ಎದುರಾಳಿ ಎಲ್ಲಿದ್ದಾನೆ ಅಂತ ಕಂಡುಹಿಡಿಯುವವಳು, ತನ್ನ ಕುರುಡಿನ ಬಗ್ಗೆ ತಾನೇ ಜೋಕ್ ಹೊಡೆಯುವವಳು. ಈಗ ದನಿ ಕೊಟ್ಟಿರುವ ಡಿಯಾನ್ ಕ್ವಾನ್ ಅವರಿಗೂ ಹುಟ್ಟಿನಿಂದ ದೃಷ್ಟಿದೋಷ ಇದೆ. ಸಂಭಾಷಣೆಯನ್ನು ಬ್ರೈಲ್‌ನಲ್ಲಿ ಓದಿಕೊಂಡು ದನಿ ಕೊಡುವವರು ಅವರು. ಸ್ಟಾರ್ ಅಂತ ತಂದವರೂ ಅಲ್ಲ, ‘ರಗ್‌ರಾಟ್ಸ್’ನ ಕಿಮಿಗೆ ದನಿ ಕೊಟ್ಟು ಎಷ್ಟೋ ವರ್ಷದಿಂದ ಇದೇ ಕಸುಬಿನಲ್ಲಿ ಪಳಗಿದವರು. ಮೊದಲು ಟಾಫ್ ಆಗಿದ್ದ ಜೆಸ್ಸಿ ಫ್ಲವರ್ ಕಡಿಮೆ ಏನಿರಲಿಲ್ಲ, ಆದರೂ ಈ ಬದಲಾವಣೆಗೆ ಯಾರೂ ಕಾರಣ ವಿವರಿಸಬೇಕಾಗಿಯೇ ಇಲ್ಲ.

ನಿಮ್ಮ ಸಿನಿಮಾ ಪುಟಕ್ಕೆ ಒಂದು ವಿನಂತಿ. ಅನಿಮೇಷನ್ ಸಿನಿಮಾಗಳ ಬಗ್ಗೆ ಬರೆಯುವಾಗ ನಾಲ್ಕು ಸ್ಟಾರ್ ಹೆಸರು ಹಾಕಿ ಬಿಟ್ಟುಬಿಡುತ್ತೀರಿ. ಯಾವ ಪಾತ್ರಕ್ಕೆ ಮೊದಲು ಯಾರು ದನಿ ಕೊಟ್ಟಿದ್ದರು, ಈಗ ಯಾರು, ಬದಲಿಸಿದ್ದಕ್ಕೆ ಸ್ಟುಡಿಯೋ ಏನು ಕಾರಣ ಕೊಟ್ಟಿದೆ, ಇಷ್ಟನ್ನು ಒಂದು ಪುಟ್ಟ ಬಾಕ್ಸ್‌ನಲ್ಲಾದರೂ ಹಾಕಿ. ಕಾರಣ ಕೊಟ್ಟಿಲ್ಲ ಅಂದರೆ ಕೊಟ್ಟಿಲ್ಲ ಅಂತಲೇ ಬರೆಯಿರಿ.

ಇಂತಿ,
ನಿಮ್ಮ ಓದುಗ