ಆಪೂಸ್ ಪೇಟಿ ತರಲು ಹೋದ ಮಗಳಿಗೊಂದು ಪತ್ರ

ವಿಜಯಪುರ

ಪುಟ್ಟಿ,

ಅವ್ವನ ಆಶೀರ್ವಾದ. ನಾವೆಲ್ಲ ಆರಾಮ ಇದ್ದೇವೆ. ಬಿಸಿಲು ನಲವತ್ತು ದಾಟಿದೆ. ಮಧ್ಯಾಹ್ನ ಹನ್ನೆರಡಾದರೆ ನಮ್ಮ ಓಣಿಯಲ್ಲಿ ನಾಯಿ ಕೂಡ ಕಾಣುವುದಿಲ್ಲ. ಬೆಳಗಾವಿಯ ತಂಪು ಗಾಳಿಯಲ್ಲಿ ಕೂತವಳಿಗೆ ಇದೆಲ್ಲ ಎಲ್ಲಿ ನೆನಪಿರಬೇಕು!

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು 'ಹೂಂ ಅವ್ವಾ, ಹೂಂ ಅವ್ವಾ' ಅನ್ನುತ್ತ ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್ ಒತ್ತುತ್ತಿರುತ್ತೀ. ಅದಕ್ಕೇ ಬರೆಯಲು ಕೂತೆ.

ಅಲ್ಲಿ ಒಬ್ಬರ ಮನೆಗೆ ತೋಟದಿಂದ ನೇರ ಆಪೂಸ್ ಮಾವಿನ ಪೇಟಿ ಬಂದು ಇಳಿಯುತ್ತವಲ್ಲ, ಆರ್ಡರ್ ಕೊಟ್ಟವರು ಹೋಗಿ ಒಯ್ಯಬೇಕು. ನಿನ್ನ ಪೇಟಿ ತಂದ ಮೇಲೆ ಮೊನ್ನೆ ರಾತ್ರಿ ಸಿಟ್ಟಿನಲ್ಲಿ ಹೇಳಿದೆಯಲ್ಲ, 'ದುಡ್ಡು ಕೊಟ್ಟೇ ತಗೊಂಡೀನಿ, ಪುಕ್ಕಟೆ ಏನೂ ಅಲ್ಲ. ಆ ಆಂಟಿ ಮಾರಿ ಗಂಟು ಹಾಕ್ಕೊಂಡು ಕೊಟ್ರು' ಅಂತ. ನಾನು ಆಗ ಸುಮ್ನಿದ್ದೆ. ಆಮೇಲೆ ಒಂದೊಂದೇ ಕೇಳಿದಾಗ ಪೂರ್ತಿ ಕಥೆ ಹೊರಬಿತ್ತು. ಪೇಟಿ ಬಂದದ್ದು ಶುಕ್ರವಾರ. ಅವತ್ತೇ ಸಂಜೆ ಐದರಿಂದ ಎಂಟರ ಒಳಗೆ ಒಯ್ಯಿರಿ ಅಂತ ಅವರು ಗ್ರೂಪಿನಲ್ಲಿ ಹಾಕಿದ್ದರು. ನೀನು ಹೋದದ್ದು ಭಾನುವಾರ, ರಾತ್ರಿ ಒಂಬತ್ತೂವರೆಗೆ. ಹೋದವಳು ಇಳಿದು ಗೇಟು ತೆರೆಯುವುದು ಬಿಟ್ಟು ಸ್ಕೂಟಿಯ ಹಾರ್ನ್ ಹೊಡೆದೆ. ಅವರ ಕಟ್ಟೆಯ ಮೇಲೇ ಪೇಟಿ ಬಿಚ್ಚಿದೆ. ಹೆಬ್ಬೆರಳಿನಿಂದ ಒಂದೊಂದೇ ಹಣ್ಣು ಒತ್ತಿ, 'ಎರಡು ಮೆತ್ತಗಾಗ್ಯಾವು' ಅಂದೆ.

ಮೆತ್ತಗಾಗದೆ ಇನ್ನೇನಾಗಬೇಕು? ಆಪೂಸನ್ನು ಗಿಡದಿಂದ ಇಳಿಸುವಾಗ ಅದು ಬಲಿತ ಕಾಯಿ. ಹುಲ್ಲಿನಲ್ಲಿಟ್ಟರೆ ವಾರ, ಹತ್ತು ದಿನದಲ್ಲಿ ತಾನೇ ಹಣ್ಣಾಗುತ್ತದೆ. ಪೇಟಿಯಲ್ಲಿ ಒಂದು ಹಣ್ಣಾಯಿತು ಅಂದರೆ ಅದು ಬಿಡುವ ಗಾಳಿ ಪಕ್ಕದ ಕಾಯಿಗಳನ್ನೂ ಹಣ್ಣು ಮಾಡುತ್ತದೆ. ಎಥಿಲೀನ್ ಅಂತಾರಲ್ಲ, ನೀನೇ ಓದಿದ್ದು. ಕೊಂಕಣದ ದೇವಗಡದಲ್ಲಿ ಏರಿಸಿದ ಪೇಟಿ ಸಾವಂತವಾಡಿ ದಾಟಿ, ಅಂಬೋಲಿ ಘಾಟು ಹತ್ತಿ ನಿಮ್ಮ ಟಿಳಕವಾಡಿಗೆ ಬರುವಾಗಲೇ ಅದರ ಲೆಕ್ಕ ಶುರುವಾಗಿರುತ್ತದೆ. ಮೇಲೆ ನಿನ್ನ ಎರಡು ದಿನ ಬೇರೆ. ಆ ಎರಡು ದಿನ ಬಿಸಿಲು ಬೀಳದಂತೆ, ಇರುವೆ ಹತ್ತದಂತೆ ಆ ಪೇಟಿಯನ್ನು ಕಾದವರು ಯಾರು ಅಂತ ಯೋಚನೆ ಮಾಡಿದೆಯಾ?

ನಿನಗೆ ನೆನಪಿರಬೇಕು, ನೀನು ಪಿಯುಸಿ ಓದುವಾಗ ಎರಡು ವರ್ಷ ನಮ್ಮ ಮನೆಯಲ್ಲೂ ದ್ರಾಕ್ಷಿ ಇಳಿಯುತ್ತಿತ್ತು. ತಿಕೋಟಾ ಕಡೆಯ ರೈತರೊಬ್ಬರು, ಅಪ್ಪನ ಪರಿಚಯದವರು. ಅವರ ತೋಟದ್ದು ಹೆಚ್ಚಿನದೆಲ್ಲ ಒಣದ್ರಾಕ್ಷಿಗೇ ಹೋಗುತ್ತಿತ್ತು. ಶೆಡ್ಡಿನ ಬಲೆಯ ಮೇಲೆ ಹರವಿ ಹದಿನೈದು ದಿನ ಒಣಗಿಸಿ, ಮಾರುಕಟ್ಟೆಗೆ ಒಯ್ದು, ಅಲ್ಲಿ ರೇಟು ಬಿದ್ದರೆ ತಲೆ ಮೇಲೆ ಕೈ. ಅದಕ್ಕೇ ಚೆಂದದ ಗೊಂಚಲು ಬೇರೆ ಮಾಡಿ, ಎರಡು ಕಿಲೋ ಬಾಕ್ಸ್ ಕಟ್ಟಿ ಊರೊಳಗೆ ನೇರ ಮಾರೋಣ ಅಂತ ಯೋಚನೆ ಮಾಡಿದರು. 'ಅಕ್ಕಾರ, ನಿಮ್ಮ ಪಡಸಾಲ್ಯಾಗ ಒಂದ್ ತಾಸು ಇಡ್ತೀನ್ರಿ, ಮಂದಿ ಬಂದು ಒಯ್ತಾರ' ಅಂದರು. ನಾನೂ ಹೂಂ ಅಂದೆ. ಒಂದು ತಾಸು ಅಂದದ್ದು ಮೂರು ದಿನ ಆಗುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮೊದಲ ದಿನ 31 ಬಾಕ್ಸ್. ಫೆಬ್ರವರಿಯ ಬೆಳಗು, ಆರೂವರೆಗೆ ಗಾಡಿ ಬಂದು ನಿಂತಿತು. ಅಂಗಳಕ್ಕೆ ನೀರು ಹಾಕುತ್ತಿದ್ದವಳು ಬಕೆಟ್ ಅಲ್ಲೇ ಬಿಟ್ಟು ಪಡಸಾಲೆಯ ಖುರ್ಚಿ ಎತ್ತಿಟ್ಟೆ. ಅಪ್ಪ ನಿನ್ನ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹೆಸರು ಬರೆದು, ಬಾಕ್ಸಿನ ಮೇಲೆ ಸ್ಕೆಚ್ ಪೆನ್ನಿನಿಂದ ನಂಬರ್ ಹಾಕಿದರು. ಏಳು ಗಂಟೆಗೆ ಮೊದಲ ಗಿರಾಕಿ. ಗಿರಾಕಿ ಅಂದೆ ನೋಡು, ನನಗೂ ಅದೇ ಮಾತು ಬಾಯಿಗೆ ಬಂತು. ನಾನೇನು ಅಂಗಡಿ ಇಟ್ಟಿದ್ದೆನೇ?

ಬಂದವರಿಗೆ ಮಾತ್ರ ನಾನು ಅಂಗಡಿಯವಳೇ. ಒಬ್ಬರು ಬಾಕ್ಸ್ ಎತ್ತಿ ಎತ್ತಿ ತೂಕ ನೋಡಿದರು. ಇನ್ನೊಬ್ಬರಿಗೆ ದ್ರಾಕ್ಷಿಯ ಮೇಲಿನ ಬಿಳಿ ಪುಡಿ ನೋಡಿ ಔಷಧಿ ಹೊಡೆದಿದ್ದಾರೆ ಅಂತ ಅನುಮಾನ. ಅದು ಹಣ್ಣಿನದೇ ಮೇಣದಂಥ ಪುಡಿ, ತಾಜಾ ಇದೆ ಅನ್ನುವುದಕ್ಕೆ ಗುರುತು ಅಂತ ಅವತ್ತು ಎಷ್ಟು ಜನಕ್ಕೆ ಹೇಳಿದೆನೋ! ಮಗದೊಬ್ಬರು ಕಾರನ್ನು ಎದುರುಮನೆ ಗೇಟಿಗೆ ಅಡ್ಡ ನಿಲ್ಲಿಸಿ ಒಳಗೆ ಬಂದು ಮಾತಿಗೆ ಕೂತರು. ಎದುರುಮನೆಯವರು ಬೈದದ್ದು ಅವರಿಗಲ್ಲ, ನನಗೆ. ಅವರು ಕಾರು ತಗೊಂಡು ಹೋದರು. ನಾನು ಇದೇ ಓಣಿಯಲ್ಲಿ ಇರಬೇಕಲ್ಲ.

ಇನ್ನು ಚಹಾ. ನಮ್ಮ ಕಡೆ ಮನೆ ಬಾಗಿಲಿಗೆ ಬಂದವರನ್ನು ಹಾಗೇ ಕಳಿಸಲು ಬಾಯಿ ಬರುವುದಿಲ್ಲ. 'ಬರ್ರಿ, ಅರ್ಧ ಕಪ್ ಚಾ ಕುಡದ್ ಹೋಗ್ರಿ' ಅಂತ ನಾನು ಅನ್ನಲೇಬೇಕು. 'ಬ್ಯಾಡ್ರಿ, ಈಗ ಆತು' ಅಂತ ಅವರು ಅನ್ನಬೇಕು. ಹಿಂದಿನಿಂದ ಬಂದ ರೂಢಿ. ಅವತ್ತು ಮಾತ್ರ ಒಂಬತ್ತು ಮಂದಿ 'ಆಗ್ಲಿ ಬಿಡ್ರಿ, ಇಷ್ಟ ಹೇಳಾಕತ್ತೀರಿ' ಅಂತ ಕೂತೇಬಿಟ್ಟರು. ಹಾಲು ಮುಗಿದು ಅಪ್ಪ ಮತ್ತೆ ಡೇರಿಗೆ ಓಡಿದರು. ನಿನ್ನ ಡಬ್ಬಿಗೆ ಅವತ್ತು ಉಪ್ಪಿಟ್ಟು ಕೂಡ ಆಗಲಿಲ್ಲ, ಅವಲಕ್ಕಿ ಕಟ್ಟಿ ಕಳಿಸಿದೆ. ಆದ್ದರಿಂದ ಪೇಟಿ ತರಲು ಹೋದಾಗ ನೀನು ಆಂಟಿ ಅನ್ನುವ ಆ ಕಾಕು ಚಹಾ ಅಂದರೆ, ನಕ್ಕು, 'ಇನ್ನೊಮ್ಮೆ ಸುಮ್ನೆ ಕೂಡಾಕ ಬರ್ತೀನ್ರಿ' ಅನ್ನು. ಮತ್ತೆ ನಿಜವಾಗಿಯೂ ಒಂದು ದಿನ ಹೋಗು. ಬೇರೆ ಊರಲ್ಲಿ ಒಬ್ಬಳೇ ಇದ್ದೀ, ಕಾಕು ಅಂತ ಕರೆಯಲು ಒಬ್ಬರು ಇರಲಿ. ಅವರನ್ನು ಆಂಟಿ ಅನ್ನುವುದು ಬಿಡು ಮೊದಲು.

ಅವತ್ತು ರಾತ್ರಿ ಆರು ಬಾಕ್ಸ್ ಉಳಿದವು. ಮರುದಿನ ನಾಲ್ಕು ಹೋದವು. ಉಳಿದ ಎರಡರ ಯಜಮಾನರು ಫೋನ್ ಎತ್ತಲಿಲ್ಲ. ದ್ರಾಕ್ಷಿ ಮಾವಿನ ಹಾಗೆ ಕಿತ್ತ ಮೇಲೆ ಹಣ್ಣಾಗುವುದಿಲ್ಲ, ಕಿತ್ತ ಗಳಿಗೆಯಿಂದ ಇಳಿಯುತ್ತಲೇ ಹೋಗುತ್ತದೆ. ಫ್ರಿಜ್ಜಿನಲ್ಲಿ ಒಂದು ಬಾಕ್ಸ್ ತುರುಕಲು ಮೊಸರಿನ ಪಾತ್ರೆ, ಹಿಟ್ಟು, ಕಾಯಿಪಲ್ಲೆ ಎಲ್ಲ ಹೊರಗೆ ತೆಗೆದೆ. ಇನ್ನೊಂದು ಪಡಸಾಲೆಯಲ್ಲೇ ಉಳಿಯಿತು. ಮೂರನೇ ದಿನ ಮುಚ್ಚಳ ತೆಗೆದರೆ ತೊಟ್ಟು ಕಂದಾಗಿ ಒಣಗಿತ್ತು, ಗೊಂಚಲು ಎತ್ತಿದೊಡನೆ ಕಾಳು ಪಟಪಟ ಉದುರಿದವು. ಅದೇ ಸಂಜೆ ಯಜಮಾನರು ಬಂದರು. 'ಇದೇನ್ರಿ ಹಿಂಗಾಗೇದ, ನನಗ ಬ್ಯಾಡ' ಅಂದು ಹೋದರು. ರೈತರಿಗೆ ಆ ದುಡ್ಡು ನಾನೇ ಕೊಟ್ಟೆ. ಅವರದೇನು ತಪ್ಪು? ಅವರು ಕೊಟ್ಟಾಗ ಹಣ್ಣು ಚೆನ್ನಾಗೇ ಇತ್ತಲ್ಲ.

ನಿನ್ನ ಕಾಕುವಿನ ಗಂಟು ಮಾರಿ ನನಗೆ ಎಲ್ಲಿಂದ ಗೊತ್ತಾಯಿತು ಅಂತ ಈಗ ತಿಳಿಯಿತಾ? ಆ ಮಾರಿ ಮೂರು ದಿನ ನನ್ನದೂ ಆಗಿತ್ತು.

ಆದರೆ ನಾನೂ ಏನು ಸಾಚಾ ಅಲ್ಲ. ಇದನ್ನು ನಿಮ್ಮ ಅಪ್ಪನಿಗೂ ಹೇಳಿಲ್ಲ. ಅದಕ್ಕೂ ಮುಂಚೆ, ಹಿಂದಿನ ಓಣಿಯ ಒಬ್ಬ ಅಕ್ಕನ ಮನೆಗೆ ಬಾಗಲಕೋಟೆ ಕಡೆಯಿಂದ ದಾಳಿಂಬೆ ಬರುತ್ತಿತ್ತು. ನಾನು ತರಲು ಹೋದಾಗ ಅವರು ಒಳಗೆ ಕುಕ್ಕರ್ ಇಳಿಸಲು ಹೋದರು. ನನ್ನ ಹೆಸರಿನ ಬಾಕ್ಸಿನ ಒಂದು ಮೂಲೆ ತೊಯ್ದಿತ್ತು, ಒಳಗೆ ಒಂದು ಹಣ್ಣು ಒಡೆದಿತ್ತು ಅಂತ ಕಾಣುತ್ತದೆ. ಪಕ್ಕದ್ದರ ಮೇಲೆ ಹೆಸರು ಇರಲಿಲ್ಲ. ಸುಮ್ನೆ ಅದನ್ನು ಎತ್ತಿಕೊಂಡು ನನ್ನ ಹೆಸರಿನ ಚೀಟಿ ಕಿತ್ತು ಅದಕ್ಕೆ ಅಂಟಿಸಿ ಬಂದೆ. ಯಾರದೋ ಇರಬೇಕು, ಅವರು ನೋಡಿಕೊಳ್ಳುತ್ತಾರೆ ಅಂದುಕೊಂಡೆ. ಆಮೇಲೆ ದ್ರಾಕ್ಷಿ ನಮ್ಮ ಮನೆಗೆ ಬಂದಾಗ ಗೊತ್ತಾಯಿತು, ಹೆಸರಿಲ್ಲದ ಬಾಕ್ಸ್ ಯಾರದು ಅಂತ. ಎಲ್ಲರೂ ಆರಿಸಿ, ಬದಲಿಸಿ, ಒಯ್ದ ಮೇಲೆ ಕೊನೆಗೆ ಒಂದು ಉಳಿಯುತ್ತದಲ್ಲ, ಅದು ಮನೆಯವರದು. ರೈತರು ನನಗೆ ಅಂತ ಒಂದು ಬಾಕ್ಸ್ ಪುಕ್ಕಟೆ ಕೊಡುತ್ತಿದ್ದರು. ಎರಡು ವರ್ಷವೂ ನಾವು ತಿಂದದ್ದು ಉದುರಿದ ಕಾಳು. ಬಟ್ಟಲಲ್ಲಿ ಹಾಕಿ ಕೊಟ್ಟರೆ ನೀನು 'ಗೊಂಚಲು ಯಾಕಿಲ್ಲ' ಅಂತ ಜಗಳ ತೆಗೆಯುತ್ತಿದ್ದೆ. ಆ ಅಕ್ಕ ಈಗ ಸೊಲ್ಲಾಪುರದಲ್ಲಿ ಮಗನ ಹತ್ತಿರ ಇದ್ದಾರೆ. ಹೇಳಿಬಿಡಬೇಕು ಅನ್ನಿಸುತ್ತದೆ, ಪ್ರತಿ ಸಲ ಫೋನಿಟ್ಟ ಮೇಲೆ.

ನಿನ್ನ ಹೆಸರಿನ ಪೇಟಿ ಯಾವುದೋ ಅದನ್ನೇ ಎತ್ತು. ಒತ್ತಬೇಡ. ಒತ್ತಿದ ಜಾಗ ನಾಳೆ ಕಪ್ಪಾಗುತ್ತದೆ, ಅದು ಇನ್ನೊಬ್ಬರ ಹಣ್ಣಾಗಿರಬಹುದು. ತೊಟ್ಟಿನ ಹತ್ತಿರ ಮೂಸಿದರೆ ಸಾಕು, ಆಪೂಸು ತಾನೇ ಹೇಳುತ್ತದೆ. ಮನೆಗೆ ತಂದು ಬಿಚ್ಚು. ನಿಜವಾಗಿ ಕೆಟ್ಟಿದ್ದರೆ ಅವತ್ತೇ ಫೋಟೋ ತೆಗೆದು ಕಾಕು ಒಬ್ಬರಿಗೇ ಕಳಿಸು, ತೋಟದವರಿಗೆ ಅವರು ಮುಟ್ಟಿಸುತ್ತಾರೆ. ಐವತ್ತು ಜನರಿರುವ ಗ್ರೂಪಿನಲ್ಲಿ ಹಾಕಿದರೆ ಅವರ ಮನೆಯಲ್ಲೇ ನಿಂತು ಅವರ ಮಾನ ತೆಗೆದ ಹಾಗೆ. ಇನ್ನೊಂದು, ಆಪೂಸು ಕೊಯ್ದಾಗ ಒಳಗೆ ಕೆಲವೊಮ್ಮೆ ಸ್ಪಂಜಿನಂಥ ಬೆಳ್ಳಗಿನ ಭಾಗ ಇರುತ್ತದೆ, ರುಚಿ ಹುಳಿ. ಆ ಜಾತಿಗೇ ಇರುವ ತೊಂದರೆ ಅದು. ಮೇಲಿನಿಂದ ನೋಡಿದರೆ ಬೆಳೆದವರಿಗೂ ಗೊತ್ತಾಗುವುದಿಲ್ಲ, ನಿನ್ನ ಕಾಕುಗೆ ಎಲ್ಲಿಂದ ಗೊತ್ತಾಗಬೇಕು? ಒಂದೆರಡು ಹಾಗಿದ್ದರೆ ಸುಮ್ನಿದ್ದುಬಿಡು. ಡಜನ್‌ಗೆ ನಾಲ್ಕು ಇದ್ದರೆ ಹೇಳು. ಮತ್ತೆ ಕಾಯಿ ಇದ್ದಾಗಲೇ ಫ್ರಿಜ್ಜಿಗೆ ಹಾಕಿ, ಹಣ್ಣೇ ಆಗಲಿಲ್ಲ ಅಂತ ದೂರಬೇಡ. ತಂಪಿನಲ್ಲಿ ಕಾಯಿ ಮುದುಡುತ್ತದೆ, ಹಣ್ಣಾಗುವುದಿಲ್ಲ.

ದುಡ್ಡಿನ ವಿಷಯ ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಪೇಟಿ ಇಳಿದ ದಿನವೇ ತೋಟದವರಿಗೆ ಪೂರ್ತಿ ಕೊಡಬೇಕಾಗುತ್ತದೆ. ನೀನು ತಡ ಮಾಡಿದಷ್ಟೂ ಅದು ಆ ಕಾಕುವಿನ ಕೈಯಿಂದ ಹೋದ ದುಡ್ಡು. ಫೋನ್‌ಪೇ ಮಾಡಿದರೆ ಹೆಸರು ಬರೆ. ನಿನ್ನ ಅಕೌಂಟು ಇನ್ನೂ ಅಪ್ಪನ ಹೆಸರು ತೋರಿಸುತ್ತದೆ, ಅವರಿಗೆ ಅದು ಯಾರೋ ಏನೋ. ಆರ್ಡರ್ ಕೊಟ್ಟ ಮೇಲೆ ಬೇಡ ಅನ್ನಬೇಡ. ತೀರಾ ಬೇಡವಾದರೆ ನಿನ್ನ ಆಫೀಸಿನ ಯಾರಿಗಾದರೂ ದಾಟಿಸು, ಹುಡುಕುವ ಕೆಲಸ ನಿನ್ನದು. ದೇವಗಡ, ರತ್ನಾಗಿರಿ ಆಪೂಸಿಗೆ 2018ರಲ್ಲಿ ಜಿಐ, ಅಂದರೆ ಇದು ಆ ಸೀಮೆಯದೇ ಅನ್ನುವ ಸರ್ಕಾರಿ ಗುರುತು, ಸಿಕ್ಕರೂ ಬಜಾರದಲ್ಲಿ ಕಂಡದ್ದನ್ನೆಲ್ಲ ದೇವಗಡ ಅಂತಲೇ ಮಾರುತ್ತಾರೆ. ತೋಟದಿಂದ ನೇರ ಬರುವ ಪೇಟಿ ಅಂದರೆ ನಾಲ್ಕು ಜನ ಕೈ ಚಾಚುತ್ತಾರೆ, ಚಿಂತೆ ಬೇಡ.

ಹೋಗಲು ಆಗದಿದ್ದರೆ ಅಷ್ಟೇ ಹೇಳು. 'ಕಾಕು, ಇವತ್ತು ಆಗೂದಿಲ್ಲ, ನಾಳೆ ಮುಂಜಾನೆ ಎಂಟಕ್ಕ ನನ್ನ ರೂಮ್‌ಮೇಟ್ ಬರ್ತಾಳ, ನಡೀತದೇನ್ರಿ?' ಇಷ್ಟು ಟೈಪ್ ಮಾಡಲು ಎಷ್ಟು ಹೊತ್ತು? ಬರುವವಳ ಹೆಸರೂ ಹಾಕು. ಸ್ಕೂಟಿಯನ್ನು ಅವರ ಗೋಡೆಗೆ ಒತ್ತಿ ನಿಲ್ಲಿಸು. ಹಗ್ಗ, ಚೀಲ ನಿನ್ನವೇ ಇರಲಿ. ಹೋದ ವರ್ಷ ಪ್ಲಾಸ್ಟಿಕ್ ಕ್ರೇಟಿನಲ್ಲಿ ತಂದ ಹಣ್ಣಿನ ಕ್ರೇಟು ಇನ್ನೂ ನಿನ್ನ ಬಾಲ್ಕನಿಯಲ್ಲೇ ಇದೆ. ವಿಡಿಯೋ ಕಾಲಿನಲ್ಲಿ ನೋಡಿದೆ, ಅದರಲ್ಲಿ ಚಪ್ಪಲಿ ಇಟ್ಟಿದ್ದೀ. ತೊಳೆದು ಒಯ್ದು ಕೊಡು ಮಾರಾಯ್ತಿ, ಅದಕ್ಕೆ ತೋಟದವರು ಅವರ ಹತ್ತಿರ ಲೆಕ್ಕ ಕೇಳುತ್ತಾರೆ.

ಮಾಮಾ ಗುರುವಾರ ಬೆಳಗಾವಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಇಂಡಿ ನಿಂಬೆಹಣ್ಣು ಕಳಿಸುತ್ತಿದ್ದೇನೆ, ನೂರು ಇವೆ. 2023ರಲ್ಲಿ ನಮ್ಮ ನಿಂಬೆಗೂ ಜಿಐ ಬಂತು, ಆಪೂಸಿನ ಮುಂದೆ ನಾವೇನೂ ಕಡಿಮೆ ಇಲ್ಲ ಅಂತ ಕಾಕುಗೆ ಹೇಳು. ಐವತ್ತು ಎಣಿಸಿ ಅವರಿಗೆ ಕೊಡು. ಕ್ಷಮೆ ಗಿಮೆ ಅಂತ ದೊಡ್ಡ ಮಾತು ಆಡಬೇಡ, ಅವರಿಗೂ ಮುಜುಗರ. ಕ್ರೇಟಿನಲ್ಲಿ ನಿಂಬೆ ಹಾಕಿಕೊಂಡು ಹೋಗಿ, 'ಅವ್ವ ಕಳಿಸ್ಯಾಳ' ಅನ್ನು, ಸಾಕು. ಒಳ್ಳೆಯದು ಆರಿಸಿ ಅವರಿಗೆ ಕೊಡು, ತೊಟ್ಟಿನ ಹತ್ತಿರ ಕಂದಿದ್ದು ನೀನು ಉಪ್ಪಿನಕಾಯಿಗೆ ಇಟ್ಟುಕೋ.

ಬಸ್ಸು ಮಧ್ಯಾಹ್ನ ಎರಡರ ಹೊತ್ತಿಗೆ ಬರುತ್ತದೆ. ಸ್ಟ್ಯಾಂಡಿಗೆ ಮೊದಲೇ ಹೋಗಿರು. ಮಾಮಾನನ್ನು ಕಾಯಿಸಬೇಡ.

ನಿನ್ನ ಅವ್ವ